ಅವ್ವ, ನನ್ನ ಕಾಲು ಆರಾಮ ಆಗಿರಲಿಲ್ಲ

ಗೋಥೆನ್‌ಬರ್ಗ್, ಸ್ವೀಡನ್
ನವೆಂಬರ್ 23

ತೀರ್ಥರೂಪ ಅಪ್ಪ, ಅವ್ವ ಇಬ್ಬರಿಗೂ ನಮಸ್ಕಾರ.

ಇಲ್ಲಿ ನಾನು ಕ್ಷೇಮ ಅಂತ ಶುರು ಮಾಡೋದು ವಾಡಿಕೆ. ಕ್ಷೇಮವಾಗೇ ಇದ್ದೇನೆ. ಆದರೆ ದೀಪಾವಳಿಗೆ ರಜೆ ಸಿಗಲಿಲ್ಲ ಅಂತ ಹೇಳಿದ್ದು ಸುಳ್ಳು. ಸೆಪ್ಟೆಂಬರಿನಲ್ಲಿ ನನ್ನ ಬಲಗಾಲಿನ ಹರಡಿಗೆ ಆಪರೇಷನ್ ಆಯಿತು. ಅವ್ವ, ಇಲ್ಲಿಗೇ ನಿಲ್ಲಿಸಿ ಅಳೋಕೆ ಕೂರಬೇಡ, ಪೂರ್ತಿ ಓದು. ಈಗ ಟ್ರಾಮ್ ಇಳಿದು ಆಫೀಸಿಗೆ ನಡೆದೇ ಹೋಗುತ್ತಿದ್ದೇನೆ.

ಹೇಳದೇ ಇದ್ದುಬಿಡೋಣ ಅಂತಿದ್ದೆ. ಹೋದ ಭಾನುವಾರ ಫೋನಿನಲ್ಲಿ ನೀನು ಅಂದೆಯಲ್ಲ, ಕಬಡ್ಡಿ ಆಡುವಾಗ ತಮ್ಮನ ಕಾಲು ಹೊಳ್ಳಿತು, ಉಳುಕು ತೆಗೆಸಿ ಎಣ್ಣೆ ತಿಕ್ಕಿಸಿದೆವು, "ನಿನ್ನ ಹಾಗೇ ಅವನಿಗೂ ಆರಾಮ ಆಗುತ್ತೆ" ಅಂತ. ಆ ರಾತ್ರಿ ನಿದ್ದೆ ಬರಲಿಲ್ಲ. ನನಗೆ ಆರಾಮ ಆಗಿರಲೇ ಇಲ್ಲ ಅವ್ವ.

ಹತ್ತನೇ ಕ್ಲಾಸಿನಲ್ಲಿ ಬಾದಾಮಿಯ ಮೈದಾನದಲ್ಲಿ ರೇಡ್‌ಗೆ ಹೋದಾಗ ಎದುರಿನವನ ಪಾದದ ಮೇಲೆ ಕಾಲು ಬಿದ್ದು ಒಳಕ್ಕೆ ಹೊಳ್ಳಿತ್ತು. ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು. ಪಕ್ಕದ ಊರಿನಲ್ಲಿ ಉಳುಕು ತೆಗೆಸಿದಿರಿ. ಬಾಗಲಕೋಟೆಯಲ್ಲಿ ಎಕ್ಸ್‌ರೇ ನೋಡಿ ಎಲುಬು ಮುರಿದಿಲ್ಲ ಅಂದರು. ಮುರಿದಿರಲಿಲ್ಲ, ಅದು ನಿಜ. ಹದಿನೈದು ದಿನಕ್ಕೆ ನಾನು ಮತ್ತೆ ಮೈದಾನದಲ್ಲಿದ್ದೆ. ಆಮೇಲೆ ವರ್ಷಕ್ಕೆ ಮೂರು ನಾಲ್ಕು ಸಲ ಅದೇ ಕಾಲು ಹೊಳ್ಳುತ್ತಲೇ ಇತ್ತು. ಹೊಲದ ಬದುವಿನ ಮೇಲೆ, ಬಸ್ಸಿನಿಂದ ಇಳಿಯುವಾಗ, ಅಕ್ಕನ ಮದುವೆಯಲ್ಲಿ ಬೀಗರಿಗೆ ನೀರು ಕೊಡೋಕೆ ಓಡುವಾಗ. ಪ್ರತಿ ಸಲ ನೀನು "ನೆಲ ನೋಡಿ ನಡಿಯೋ" ಅಂತ ಬೈಯುತ್ತಿದ್ದೆ. ನೆಲದ್ದೇನೂ ತಪ್ಪಿರಲಿಲ್ಲ.

ಅಪ್ಪ, ನಿನಗೆ ಬಂಡಿಯ ಲೆಕ್ಕದಲ್ಲಿ ಹೇಳುತ್ತೇನೆ. ಕಡಾಣಿ ಸಡಿಲಾದರೆ ಗಾಲಿ ಅಲ್ಲಾಡುತ್ತದೆ. ಅಲ್ಲಾಡುವ ಗಾಲಿ ಅಚ್ಚನ್ನು ತಿನ್ನುತ್ತದೆ. ನನ್ನ ಕಾಲಿಗೆ ಆಗಿದ್ದೂ ಅದೇ. ಹರಡಿನ ಹೊರಗಡೆ ಎಲುಬನ್ನು ಎಲುಬಿಗೆ ಕಟ್ಟುವ ಪಟ್ಟಿಗಳಿವೆ, ಲಿಗಮೆಂಟ್ ಅಂತಾರೆ. ಕಾಲು ಒಳಕ್ಕೆ ಹೊಳ್ಳಿದಾಗ ಮುಂದಿನದು ಮೊದಲು ಹರಿಯುತ್ತದೆ. ನನ್ನದು ಹರಿದು, ಉದ್ದವಾಗಿ ಜೋಲುಬಿದ್ದು ಕೂಡಿಕೊಂಡಿತ್ತು. ಕೀಲು ಸಡಿಲವಾಗಿ ಹೊಳ್ಳಿದಾಗಲೆಲ್ಲ ಒಳಗೆ ಟೇಲಸ್ ಅನ್ನೋ ಎಲುಬು ಮೇಲಿನ ಎಲುಬಿಗೆ ಬಡಿದು, ಅದರ ಮೇಲಿನ ನುಣುಪಾದ ಹೊದಿಕೆ, ಕಾರ್ಟಿಲೇಜ್ ಅನ್ನೋದು, ಒಂದು ಕಡೆ ಎದ್ದುಬಿಟ್ಟಿತ್ತು. ಕಾರ್ಟಿಲೇಜಿಗೆ ನರವೂ ಇಲ್ಲ, ರಕ್ತನಾಳವೂ ಇಲ್ಲ. ಅದಕ್ಕೇ ಅದು ಕೆಡುವಾಗ ಗೊತ್ತಾಗಲ್ಲ, ಕೆಟ್ಟ ಮೇಲೆ ತಾನಾಗಿ ಕೂಡಿಕೊಳ್ಳುವುದೂ ಇಲ್ಲ. ನೋವು ಬರೋದು ಕೆಳಗಿನ ಎಲುಬಿನಿಂದ. ಎಕ್ಸ್‌ರೇಯಲ್ಲಿ ಕಾರ್ಟಿಲೇಜ್ ಕಾಣೋದೇ ಇಲ್ಲ, ಎಂಆರ್‌ಐ ಬೇಕು.

ಇಲ್ಲಿನ ಡಾಕ್ಟರ್ ಮೊದಲು ಹಿಮ್ಮಡಿ ಹಿಡಿದು ಮುಂದಕ್ಕೆ ಎಳೆದು ನೋಡಿದರು. ಎಡಗಾಲು ಗಟ್ಟಿ ನಿಂತಿತು, ಬಲಗಾಲು ಜಗ್ಗಿತು. ಆದರೂ ಆಪರೇಷನ್ ಮಾತೇ ಎತ್ತಲಿಲ್ಲ. ಮೂರು ತಿಂಗಳು ಬರೀ ವ್ಯಾಯಾಮ. ಅದರಿಂದ ಹೊಳ್ಳೋದು ಕಡಿಮೆಯಾಯಿತು. ಒಳಗಿನ ನೋವು ಹೋಗಲಿಲ್ಲ, ಮೆಟ್ಟಿಲಿಳಿಯುವಾಗ ಕೀಲು ಸಿಕ್ಕಿಹಾಕಿಕೊಂಡ ಹಾಗಾಗುತ್ತಿತ್ತು. ಆಗ ಎಂಆರ್‌ಐ ತೆಗೆದರು. 9 ಮಿಲಿಮೀಟರ್ ಅಗಲದ ಗಾಯ ಸಿಕ್ಕಿತು.

ಕಾರ್ಟಿಲೇಜ್ ಒಂದನ್ನೇ ರಿಪೇರಿ ಮಾಡಿದರೆ ಸಾಲದು ಅಂದರು. ಸಡಿಲ ಕೀಲು ಅದನ್ನು ಮತ್ತೆ ಅರೆದುಬಿಡುತ್ತದೆ. ನೀನೂ ಕಡಾಣಿ ಬಿಗಿ ಮಾಡದೆ ಅಚ್ಚಿಗೆ ಬರೀ ಎಣ್ಣೆ ಬಿಡಲ್ಲ, ಅಲ್ವಾ ಅಪ್ಪ? ಹಾಗಾಗಿ ಎರಡನ್ನೂ ಒಂದೇ ಸಲ ಮಾಡಿದರು. ಸಣ್ಣ ಎರಡು ತೂತಿನಿಂದ ಕ್ಯಾಮೆರಾ ಬಿಟ್ಟು, ಎದ್ದುನಿಂತ ಕಾರ್ಟಿಲೇಜ್ ಕೆರೆದು ತೆಗೆದು, ಕೆಳಗಿನ ಎಲುಬಿಗೆ ಚಿಕ್ಕ ಚಿಕ್ಕ ರಂಧ್ರ ಕೊರೆದರು. ಎಲುಬಿನ ಮಜ್ಜೆಯಿಂದ ರಕ್ತ ಬಂದು ಹೆಪ್ಪುಗಟ್ಟಿ, ನಿಧಾನವಾಗಿ ಅಲ್ಲೊಂದು ಹೊಸ ಪದರ ಬೆಳೆಯುತ್ತದಂತೆ. ಮೊದಲಿನಷ್ಟು ನುಣುಪಲ್ಲ. ಅವ್ವ, ಇಳಕಲ್ ಸೀರೆಗೆ ತೇಪೆ ಹಾಕಿದ ಹಾಗೆ ಅಂದುಕೋ. ಗಾಯ 15 ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ಇದು ಅಷ್ಟಾಗಿ ನಿಲ್ಲಲ್ಲ. ಮೊಣಕಾಲಿನಿಂದ ಎಲುಬು ಸಮೇತ ಕಾರ್ಟಿಲೇಜ್ ತಂದು ಕೂರಿಸೋದೋ, ಲ್ಯಾಬಿನಲ್ಲಿ ಕಾರ್ಟಿಲೇಜಿನ ಕೋಶ ಬೆಳೆಸಿ ಹಾಕೋದೋ ಮಾಡುತ್ತಾರೆ. ಆ ಕೋಶ ಬೆಳೆಸುವ ವಿದ್ಯೆಯನ್ನು ಮೊಣಕಾಲಿಗೆ ಮಾಡಿ 1994ರಲ್ಲಿ ಪ್ರಕಟಿಸಿದವರು ಇದೇ ಊರಿನ ಡಾಕ್ಟರುಗಳು.

ಆಮೇಲೆ ಜೋಲುಬಿದ್ದ ಲಿಗಮೆಂಟನ್ನು ಕತ್ತರಿಸಿ, ಗಿಡ್ಡ ಮಾಡಿ, ಬಿಗಿಯಾಗಿ ಹೊಲಿದರು. ಇದಕ್ಕೆ ಬ್ರೊಸ್ಟ್ರಮ್ ಅಂತ ಹೆಸರು. ಲೆನಾರ್ಟ್ ಬ್ರೊಸ್ಟ್ರಮ್ ಅನ್ನೋ ಸ್ವೀಡನ್ನಿನ ಡಾಕ್ಟರ್ 1966ರಲ್ಲಿ ಬರೆದದ್ದು, ಇವತ್ತಿಗೂ ಜಗತ್ತೆಲ್ಲ ಅದನ್ನೇ ಸ್ವಲ್ಪ ತಿದ್ದಿ ಮಾಡುತ್ತಾರೆ. ಬಾದಾಮಿಯಲ್ಲಿ ಹರಿದದ್ದನ್ನು ಹೊಲಿಯುವ ವಿದ್ಯೆ ಹುಟ್ಟಿದ ದೇಶಕ್ಕೇ ನಾನು ಬಂದು ಸೇರಿದ್ದೆ ನೋಡಿ.

ಆರು ವಾರ ಆ ಕಾಲು ನೆಲಕ್ಕೆ ಊರುವಂತಿರಲಿಲ್ಲ. ಹೊಸ ಪದರ ಎಳೆಯದು, ಭಾರ ಬಿದ್ದರೆ ಕಿತ್ತುಹೋಗುತ್ತದೆ. ಆ ಹೊತ್ತಿನಲ್ಲಿ ದೂರದ ವಿಮಾನ ಹತ್ತಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಅದಕ್ಕೇ ದೀಪಾವಳಿ ತಪ್ಪಿತು. ಎರಡು ಊರುಗೋಲು ಹಿಡಿದು ಟೀ ಲೋಟ ತರೋದು ಹೇಗೆ ಅಂತ ಆರು ವಾರದಲ್ಲೂ ಕಲಿಯಲಿಲ್ಲ. ಅಡುಗೆಮನೆಯಲ್ಲೇ ನಿಂತು ಕುಡಿಯುತ್ತಿದ್ದೆ. ನೀನು ಕಳಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಾಪಾಡಿತು.

ಫಿಸಿಯೋಥೆರಪಿಸ್ಟ್ ಒಳ್ಳೆಯವಳು. ಏನೇನು ಮಾಡೋಕೆ ಆಗಬೇಕು ಅಂತ ಕೇಳಿದಳು. ಕುಕ್ಕರಗಾಲಲ್ಲಿ ಕೂರಬೇಕು ಅಂದೆ. ಅವಳಿಗೆ ಅರ್ಥ ಆಗಲಿಲ್ಲ. ಕೊನೆಗೆ ಹಿಂಡುವಾಗ ಅಪ್ಪ ಎಮ್ಮೆಯ ಪಕ್ಕ ಕೂತ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ, ಇದಕ್ಕೆ ಸಮಯ ಬೇಕು ಅಂದಳು.

ಈಗ ತಮ್ಮನ ಮಾತು. ಹೆದರಬೇಡಿ, ಹೆಚ್ಚಿನ ಉಳುಕು ಆಪರೇಷನ್ ಇಲ್ಲದೆಯೇ ವಾಸಿಯಾಗುತ್ತದೆ. ಆದರೆ ಇನ್ನು ಎಳೆಸಬೇಡಿ, ತಿಕ್ಕಿಸಬೇಡಿ. ನಾಲ್ಕು ಹೆಜ್ಜೆ ಇಡೋಕೂ ಆಗದಿದ್ದರೆ, ಇಲ್ಲವೇ ಹರಡಿನ ಎರಡೂ ಬದಿಗೆ ಉಬ್ಬಿ ಕಾಣುವ ಎಲುಬನ್ನು ಹಿಂದಿನ ಅಂಚಿನಲ್ಲಿ ಒತ್ತಿದರೆ ನೋವಾದರೆ ಎಕ್ಸ್‌ರೇ ಮಾಡಿಸಲೇಬೇಕು. ಊತ ಇಳಿಯುವವರೆಗೆ ಕ್ರೇಪ್ ಬ್ಯಾಂಡೇಜ್ ಕಟ್ಟಿ, ದಿಂಬಿನ ಮೇಲೆ ಕಾಲು ಎತ್ತಿಡಲಿ. ನೋವಿಲ್ಲದೆ ನಡೆಯುವಂತಾದ ಮೇಲೆ ಒಂದೇ ಕಾಲಿನ ಮೇಲೆ ನಿಲ್ಲೋದು ಶುರು ಮಾಡಲಿ. ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುವಾಗಲೇ ಮಾಡಬಹುದು. ಹರಿದ ಲಿಗಮೆಂಟ್ ಜೊತೆ ಕಾಲು ಎತ್ತ ಹೊಳ್ಳುತ್ತಿದೆ ಅನ್ನೋ ಅರಿವೂ ಮಂಕಾಗುತ್ತದೆ, ಅದನ್ನು ಮತ್ತೆ ಕಲಿಸಬೇಕು. ನಾನು ಬಿಟ್ಟದ್ದು ಅದನ್ನೇ. ತಾಲೂಕು ಮ್ಯಾಚ್ ಇದೆ ಅಂತ ಗೋಗರೆಯುತ್ತಾನೆ. ಬಿಡಬೇಡ ಅಪ್ಪ. ನಾನೂ ಗೋಗರೆದಿದ್ದೆ, ನೀನು ಬಿಟ್ಟಿದ್ದೆ.

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಬರುತ್ತೇನೆ, ಡಾಕ್ಟರ್ ಒಪ್ಪಿದ್ದಾರೆ. ತೇರಿನ ನೂಕುನುಗ್ಗಲಿಗೆ ಇಳಿಯಲ್ಲ. ರಾತ್ರಿಯಿಡೀ ನಾಟಕ ನೋಡೋಕೆ ಅಡ್ಡಿಯಿಲ್ಲ, ಕುರ್ಚಿ ಟಿಕೆಟ್ ತೆಗೆಸಿ. ಊಟಕ್ಕೂ ನೆಲದ ಮೇಲೆ ಕೂರೋಕೆ ಆಗಲ್ಲ, ನಡುಮನೆಯಲ್ಲಿ ಒಂದು ಸ್ಟೂಲ್ ಇಟ್ಟಿರು ಅವ್ವ.

ತಮ್ಮನ ಎರಡೂ ಕಾಲು ಪಕ್ಕಪಕ್ಕ ಇಡಿಸಿ ಇವತ್ತೇ ಒಂದು ಫೋಟೋ ಕಳಿಸಿ. ಪ್ಯಾಂಟ್ ಮೇಲೆ ಮಡಚಿರಲಿ. ಊತ ಮುಚ್ಚಿಕೊಳ್ಳೋದು ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತು.

ನಿಮ್ಮ ಮಗ