ರವಿವಾರದ ಯುದ್ಧ ಸಿನಿಮಾ: ಮೊದಲ ಇಷ್ಟು ಓದ್ರಿ

ಎಲ್ಲಾರಿಗೂ ನಮಸ್ಕಾರ್ರಿ. ರವಿವಾರ ಸಂಜಿ 5ಕ್ಕ ಧಾರವಾಡದಾಗ ತೋರ್ಸೂದು ಸೋವಿಯತ್ ಸೈನ್ಯ ಅಫ್ಘಾನಿಸ್ತಾನ ಬಿಟ್ಟು ಹೊಂಟ ಕಥಿ. 1979ರ ಡಿಸೆಂಬರಿನಾಗ ಹೊಕ್ಕವ್ರು. ಕಡೀ ತುಕಡಿ ಜೋಡಿ ಜನರಲ್ ಬೋರಿಸ್ ಗ್ರೊಮೋವ್ ಗಡಿಯೊಳಗಿನ ಅಮು ದರ್ಯಾ ನದಿ ಸೇತುವೆ ದಾಟಿದ್ದು 1989 ಫೆಬ್ರುವರಿ 15ಕ್ಕ.

ಸಾಲಂಗ್ ಸುರಂಗ ಲಕ್ಷ್ಯ ಇಟ್ಟು ನೋಡ್ರಿ. ಕಾಬೂಲಿನಿಂದ ಉತ್ತರಕ್ಕ ಹೋಗೂ ಮುಖ್ಯ ರಸ್ತಾ ಅದ. ಎತ್ತರ ಸುಮಾರು 3,400 ಮೀಟರ್, ಉದ್ದ ಎರಡೂವರಿ ಕಿಲೋಮೀಟರಿಗಿಂತ ಜಾಸ್ತಿ. ಒಳಗ ಒಂದ ಟ್ರಕ್ ಕೆಟ್ಟು ನಿಂತ್ರ ಹಿಂದಿನ ಸಾಲೆಲ್ಲಾ ಹೊಗಿಯೊಳಗ ಸಿಗತದ. ಗುಂಡು ಹಾರ್ಸೂದಕ್ಕಿಂತ ದಾರಿ ಕಾಯೂದ ದೊಡ್ಡ ಕೆಲಸ!

ಲ್ಯಾಪ್‌ಟಾಪ್ ತರೂವ್ರಿಗೆ: ಸಬ್‌ಟೈಟಲ್ ಒಂದ ಸಮ ಹಿಂದ-ಮುಂದ ಆದ್ರ ವಿಎಲ್‌ಸಿಯೊಳಗ (ವಿಡಿಯೋ ನೋಡೂ ಆ್ಯಪ್) ಜಿ ಅಥವಾ ಎಚ್ ಕೀ ಒತ್ರಿ. ಅಂತರ ಬೆಳಕೋತ ಹೋದ್ರ ಸಿನಿಮಾ ಮತ್ತ ಸಬ್‌ಟೈಟಲ್ ಫ್ರೇಮ್ ರೇಟ್ (ಸೆಕೆಂಡಿಗೆ ತೋರ್ಸೂ ಚಿತ್ರಗಳ ಲೆಕ್ಕ) ಬ್ಯಾರೆ ಅದ, ಒಂದು 25 ಇನ್ನೊಂದು 23.976 ಇದ್ರ ತಾಸಿಗೆ ಎರಡೂವರಿ ನಿಮಿಷ ತಪ್ಪತದ. ಆ ಸಬ್‌ಟೈಟಲ್ ಫೈಲ್ ಬಿಟ್ಟು ಬ್ಯಾರೆ ತರ್ರಿ.