ಎಷ್ಟು ಅಂತ ಕೇಳುವ ಮೊದಲು ಯಾರದು ಅಂತ ಕೇಳು

ಪ್ರೀತಿಯ ಪುಟ್ಟಿಗೆ,

ನಿನ್ನೆ ಫೋನಿನಲ್ಲಿ ನೀನು ಅತ್ತಾಗ ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ನಾನೂ ಅಳುತ್ತಿದ್ದೆ. ನನ್ನ ಅಣ್ಣ, ಅಂದರೆ ನಿನ್ನ ಅಪ್ಪ, ಹೋಗಿ ಇನ್ನೂ ಒಂದು ತಿಂಗಳು ತುಂಬಿಲ್ಲ. ಅಷ್ಟರಲ್ಲೇ ಅವನ ಗಡಿಯಾರಕ್ಕೆ ಎಷ್ಟು, ಪುಸ್ತಕಗಳಿಗೆ ಎಷ್ಟು ಅಂತ ಬೆಲೆ ಕಟ್ಟುವುದು ಪಾಪ ಅನಿಸುತ್ತಿದೆ ಅಂದೆಯಲ್ಲ, ಆ ಮಾತು ರಾತ್ರಿಯೆಲ್ಲ ಕಾಡಿತು. ಅದಕ್ಕೇ ಬೆಳಿಗ್ಗೆ ಎದ್ದವಳೇ ಬರೆಯಲು ಕೂತೆ.

ಅದರಲ್ಲಿ ಪಾಪ ಏನೂ ಇಲ್ಲ ಕಣೇ. ಮೂರು ಮಕ್ಕಳಲ್ಲಿ ನಿನ್ನನ್ನೇ ಆರಿಸಿ ಅಣ್ಣ ವಿಲ್‌ನಲ್ಲಿ ಎಕ್ಸಿಕ್ಯೂಟರ್, ಅಂದರೆ ವಿಲ್ ಜಾರಿ ಮಾಡುವವಳು, ಅಂತ ಬರೆದದ್ದು ಈ ಕೆಲಸಕ್ಕೇ. ನಿಮ್ಮ ಮಾವ ತೀರಿಕೊಂಡಾಗ ಇದೆಲ್ಲ ನನ್ನ ತಲೆಯ ಮೇಲೂ ಬಿದ್ದಿತ್ತು. ಆಗ ಮಾಡಿದ ತಪ್ಪುಗಳನ್ನು ನೀನು ಮಾಡಬಾರದು ಅಂತ ನನ್ನ ಆಸೆ. ಇನ್ನೊಂದು ಮಾತು. ಹೆಂಡತಿ, ಮಕ್ಕಳು, ತಾಯಿ ಇರುವಾಗ ತಂಗಿಗೆ ಅಣ್ಣನ ಆಸ್ತಿಯಲ್ಲಿ ಪಾಲು ಬರುವುದಿಲ್ಲ. ವಿಲ್‌ನಲ್ಲೂ ನನ್ನ ಹೆಸರಿಲ್ಲ. ನನಗೆ ಇದರಲ್ಲಿ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಹಾಗಾಗಿ ಬಿಚ್ಚಿಯೇ ಹೇಳುತ್ತೇನೆ.

ಎಲ್ಲರೂ 'ಎಷ್ಟು' ಅನ್ನುವುದರಿಂದ ಶುರು ಮಾಡುತ್ತಾರೆ. ನೀನು 'ಯಾರದು' ಅನ್ನುವುದರಿಂದ ಶುರು ಮಾಡು. ಮನೆಯಲ್ಲಿರುವುದೆಲ್ಲ ಅಣ್ಣನದಲ್ಲ. ಅವನದಲ್ಲದ್ದು ಪಟ್ಟಿಗೆ ಸೇರಿಬಿಟ್ಟರೆ ಅದನ್ನು ಹೊರಗೆ ತೆಗೆಸುವುದು ಬಹಳ ಕಷ್ಟ. ನಮ್ಮ ಮನೆಯಲ್ಲಿ ಹಾಗೇ ಆಯಿತು. ಸಂಬಂಧಿಕರೊಬ್ಬರು ಪಟ್ಟಿ ಬರೆಯಲು ಕೂತರು. ನನ್ನ ಬಳೆ, ನನ್ನ ಸಂಬಳದಲ್ಲಿ ಕೊಂಡ ಬೀರು, ನನ್ನ ಹೊಲಿಗೆ ಯಂತ್ರ ಎಲ್ಲವನ್ನೂ ನಿಮ್ಮ ಮಾವನ ಹೆಸರಿನ ಕೆಳಗೆ ಬರೆದರು. ನಾನು ಅಲ್ಲೇ ಕೂತಿದ್ದೆ. ಅಂಥ ಹೊತ್ತಿನಲ್ಲಿ 'ಅದು ನಂದು' ಅನ್ನಲು ಬಾಯಿ ಬರುತ್ತಾ ಹೇಳು? ಸುಮ್ಮನಿದ್ದೆ. ಆಮೇಲೆ ತಿಂಗಳುಗಟ್ಟಲೆ ಅದಕ್ಕಾಗಿ ಓಡಾಡಿದೆ.

ಆದ್ದರಿಂದ ಪೆನ್ನು ಹಿಡಿಯುವ ಮೊದಲು ಅತ್ತಿಗೆಯನ್ನು, ಅಂದರೆ ನಿನ್ನ ಅಮ್ಮನನ್ನು, ಪಕ್ಕದಲ್ಲಿ ಕೂರಿಸಿಕೋ. ಅವಳ ಒಡವೆ ಅವಳದೇ. ತವರಿನಿಂದ ಬಂದಿರಲಿ, ಮದುವೆಯಲ್ಲಿ ಕೊಟ್ಟಿದ್ದಿರಲಿ, ಅಣ್ಣನೇ ಉಡುಗೊರೆ ಕೊಟ್ಟಿದ್ದಿರಲಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಸೆಕ್ಷನ್ ಹೆಣ್ಣಿಗೆ ಸೇರಿದ ಆಸ್ತಿಗೆ ಅವಳೇ ಪೂರ್ತಿ ಒಡತಿ ಅನ್ನುತ್ತದೆ. ಲಾಕರ್ ಅಣ್ಣನ ಹೆಸರಲ್ಲಿತ್ತು ಅಂದ ಮಾತ್ರಕ್ಕೆ ಒಳಗಿನ ಚಿನ್ನ ಅವನದಾಗುವುದಿಲ್ಲ. ಅತ್ತಿಗೆ 'ಇದು ನಂದು' ಅಂದ ತಕ್ಷಣ 'ಬಿಲ್ ಇದೆಯಾ ಅಮ್ಮ' ಅಂತ ಮಾತ್ರ ಕೇಳಬೇಡ. ಅವಳ ಹೆಸರಲ್ಲಿ ಬೇರೆ ಹಾಳೆ ಮಾಡು. ಯಾವುದು ಎಲ್ಲಿಂದ ಬಂತು ಅಂತ ಅವಳ ಮಾತಲ್ಲೇ ಬರೆದುಕೋ. ಹಳೆಯ ಫೋಟೋದಲ್ಲಿ ಆ ಒಡವೆ ಕಂಡರೆ ಅದನ್ನೂ ಜೊತೆಗಿಡು.

ಬೇರೆಯವರ ವಸ್ತುಗಳೂ ಅಲ್ಲಿರುತ್ತವೆ. ಸ್ನೇಹಿತರಿಂದ ತಂದ ಪುಸ್ತಕ, ಯಾರೋ ನಂಬಿಕೆಯ ಮೇಲೆ ಇಡಲು ಕೊಟ್ಟ ಹಣ, ಇಂಥವು. ಅವಕ್ಕೂ ಬೇರೆ ಹಾಳೆ. ಇನ್ನು ಪಿತ್ರಾರ್ಜಿತ ಜಮೀನು. ಅದರಲ್ಲಿ ಅಣ್ಣನ ಪಾಲು ಎಷ್ಟೋ ಅಷ್ಟನ್ನು ಮಾತ್ರ ಅವನು ವಿಲ್‌ನಲ್ಲಿ ಬರೆಯಬಹುದು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಅಲ್ಲಿ ಹುಟ್ಟಿನಿಂದಲೇ ಸಮಪಾಲು. ಅಂದರೆ ನಿನ್ನದು, ನಿನ್ನ ತಂಗಿಯದು ಅಣ್ಣನ ಪಟ್ಟಿಗೆ ಬರುವುದಿಲ್ಲ. ಇದನ್ನು ವಕೀಲರ ಮುಂದೆ ಕೂತು ಬಿಡಿಸಿಕೋ.

ಬ್ಯಾಂಕಿನಲ್ಲಿ ನಾಮಿನಿ ತಾನೇ, ಆ ದುಡ್ಡು ತನ್ನದೇ ಅಂತ ನಿನ್ನ ಅಣ್ಣ ಹೇಳುತ್ತಿದ್ದಾನಂತೆ. ಅವನ ಮೇಲೆ ಸಿಟ್ಟಾಗಬೇಡ. ಎಷ್ಟೋ ಜನ ಹಾಗೇ ಅಂದುಕೊಂಡಿದ್ದಾರೆ. ಬ್ಯಾಂಕು ನಾಮಿನಿಯ ಕೈಗೆ ಹಣ ಕೊಡುತ್ತದೆ, ನಿಜ. ಆದರೆ ಅವನು ಅದನ್ನು ವಾರಸುದಾರರ ಪರವಾಗಿ ಇಟ್ಟುಕೊಂಡವನು, ಅಷ್ಟೇ. ಷೇರುಗಳ ವಿಷಯದಲ್ಲೂ ನಾಮಿನಿ ಒಡೆಯನಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿತು. ವಿಮೆಯ ಲೆಕ್ಕ ಬೇರೆ. ಆ ಕಾಯ್ದೆಯನ್ನು 2015ರಲ್ಲಿ ತಿದ್ದಿದ್ದಾರೆ, ಅದನ್ನು ವಕೀಲರನ್ನೇ ಕೇಳು. ಅಪ್ಪನ ಎಟಿಎಂ ಕಾರ್ಡ್ ಯಾರ ಕೈಯಲ್ಲಿದ್ದರೂ ವಾಪಸ್ ತೆಗೆದುಕೊಂಡು ಎತ್ತಿಡು. ಅದರಿಂದ ಇನ್ನು ಒಂದು ರೂಪಾಯಿಯನ್ನೂ ತೆಗೆಯಬಾರದು.

ಪಟ್ಟಿ ಮುಗಿಯುವವರೆಗೆ ಒಂದು ವಸ್ತುವೂ ಮನೆಯಿಂದ ಹೊರಗೆ ಹೋಗಕೂಡದು. ಈ ಒಂದು ವಿಷಯದಲ್ಲಿ ನೀನು ಗಟ್ಟಿಯಾಗಿರಬೇಕು. ನೆನಪಿಗೆ ಅಂತ ಯಾರೋ ಕ್ಯಾಮೆರಾ ತೆಗೆದುಕೊಂಡು ಹೋಗಿದ್ದಾರೆ ಅಂದೆ. ಪ್ರೀತಿಯಿಂದಲೇ ಹೋಗಿ ವಾಪಸ್ ಕೇಳು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಇದಕ್ಕೊಂದು ಮಾತಿದೆ. ಅಧಿಕಾರ ಇಲ್ಲದೆ ಸತ್ತವರ ಆಸ್ತಿಗೆ ಕೈ ಹಾಕಿದವನು ಆ ಆಸ್ತಿಗೆ ಜವಾಬು ಹೇಳಬೇಕಾಗುತ್ತದೆ. ವಸ್ತು ಹಾಳಾಗದಂತೆ ಕಾಪಾಡಲು, ಅಂತ್ಯಕ್ರಿಯೆಗೆ, ಮನೆಯವರ ತಕ್ಷಣದ ಅಗತ್ಯಕ್ಕೆ ಅಂತ ಮುಟ್ಟಿದರೆ ಮಾತ್ರ ಅದು ತಪ್ಪಲ್ಲ. ಕ್ಯಾಮೆರಾ ಆ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ, ಅಲ್ವಾ? ಕೊನೆಗೆ ಅವರಿಗೇ ಕೊಡಬೇಕು ಅಂತ ನೀವೆಲ್ಲ ಒಪ್ಪಿದರೆ ಕೊಡಿ. ಆದರೆ ಮೊದಲು ಅದು ಪಟ್ಟಿಯಲ್ಲಿ ಇರಲಿ.

ಪಟ್ಟಿಯನ್ನು ಒಬ್ಬಳೇ ಮಾಡಬೇಡ. ನಿನ್ನ ಅಣ್ಣನೋ ತಂಗಿಯೋ ಜೊತೆಗಿರಲಿ. ಒಂದೊಂದೇ ಕೋಣೆ ಮುಗಿಸಿ. ನಂಬರ್ ಹಾಕಿ, ಫೋಟೋ ತೆಗೆದು, ಕೊನೆಯಲ್ಲಿ ಇಬ್ಬರೂ ಸಹಿ ಮಾಡಿ. ಕೋಟಿನ ಜೇಬು, ಪುಸ್ತಕದ ನಡುವೆ, ಡ್ರಾಯರಿನ ಹಿಂದೆ ಎಲ್ಲ ಕಡೆ ಕೈಯಾಡಿಸಿ. ಕಾಗದ ಅಂತ ಕಂಡದ್ದನ್ನು ಯಾವುದನ್ನೂ ಎಸೆಯಬೇಡಿ. ಹಳೆಯ ಷೇರು ಪತ್ರ, ಯಾರಿಗೋ ಕೊಟ್ಟ ಸಾಲದ ಚೀಟಿ ಇಂಥ ಕಡೆಯೇ ಸಿಗುವುದು. ಅಣ್ಣನ ನಾಣ್ಯಗಳನ್ನು ಉಜ್ಜಿ ಹೊಳಪು ಮಾಡಬೇಡಿ. ಹಳೆಯ ನಾಣ್ಯ ಉಜ್ಜಿದಷ್ಟೂ ಅದರ ಬೆಲೆ ಇಳಿಯುತ್ತದೆ. ಪೆಟ್ಟಿಗೆಯಲ್ಲಿ ಹೇಗಿದೆಯೋ ಹಾಗೇ ಇರಲಿ.

ಈಗ ಬೆಲೆಯ ಮಾತು. ಸತ್ತವರ ಆಸ್ತಿಯ ಮೇಲಿನ ತೆರಿಗೆ, ಎಸ್ಟೇಟ್ ಡ್ಯೂಟಿ, 1985ರಲ್ಲೇ ಹೋಯಿತಲ್ಲ, ಇನ್ನು ಬೆಲೆ ಯಾಕೆ ಅಂತ ನಿನ್ನ ತಂಗಿ ಕೇಳಿದಳಂತೆ. ಒಳ್ಳೆಯ ಪ್ರಶ್ನೆ. ಪ್ರೊಬೇಟ್ ಅಂದರೆ ವಿಲ್ ನಿಜವಾದದ್ದು ಅಂತ ಕೋರ್ಟು ಕೊಡುವ ಪತ್ರ. ಅದರ ಅರ್ಜಿಯ ಜೊತೆ ಆಸ್ತಿಯ ಮೌಲ್ಯ ತೋರಿಸಬೇಕು. ಕೋರ್ಟ್ ಶುಲ್ಕ ಅದನ್ನು ನೋಡಿ ನಿಗದಿಯಾಗುತ್ತದೆ. ಪ್ರಮಾಣ ಮಾಡಿ ಕೊಡುವ ಲೆಕ್ಕ ಅದು. ಶುಲ್ಕ ಉಳಿಯಲಿ ಅಂತ ಬೆಲೆ ಕಡಿಮೆ ಬರಿ ಅಂತ ಯಾರು ಹೇಳಿದರೂ ಕೇಳಬೇಡ. ಅದಕ್ಕಿಂತ ದೊಡ್ಡ ಕಾರಣ ಮನೆಯೊಳಗೇ ಇದೆ. ಒಬ್ಬರಿಗೆ ಕಾರು, ಒಬ್ಬರಿಗೆ ಚಿನ್ನ, ಒಬ್ಬರಿಗೆ ನಗದು ಹೋಗುವಾಗ ಯಾರಿಗೆ ಜಾಸ್ತಿ ಹೋಯಿತು ಅಂತ ತಿಳಿಯಲು ಬೇರೆ ದಾರಿ ಇಲ್ಲ.

ಬೆಲೆ ಅಂದರೆ ಹೊಸದಾಗಿ ಕೊಂಡರೆ ಎಷ್ಟು ಅಂತಲ್ಲ. ಈಗಿರುವ ಸ್ಥಿತಿಯಲ್ಲಿ, ಗುರುತಿಲ್ಲದ ಒಬ್ಬ ಬಂದು, ಯಾವ ಒತ್ತಾಯವೂ ಇಲ್ಲದೆ ಎಷ್ಟು ಕೊಟ್ಟಾನು ಅಂತ ನೋಡಬೇಕು. ಆ ಲೆಕ್ಕದಲ್ಲಿ ಸೋಫಾ, ಟಿವಿ, ಬಟ್ಟೆಗಳಿಗೆ ಬಹಳ ಕಡಿಮೆ ಬರುತ್ತದೆ. ಬೇಜಾರಾಗುತ್ತದೆ, ಆದರೂ ಹಾಗೇ ಬರಿ. ಚಿನ್ನಕ್ಕೆ ಶುದ್ಧತೆ ನೋಡಿಸಿ, ಕಲ್ಲು ಮತ್ತು ಅರಗಿನ ತೂಕ ಕಳೆದು, ಉಳಿದದ್ದಕ್ಕೆ ಆ ದಿನದ ದರ ಹಾಕು. ಮಜೂರಿಯನ್ನು ಸೇರಿಸಬೇಡ. ಯಾವ ತಾರೀಖಿನ ಬೆಲೆ ಅನ್ನುವುದನ್ನು ವಕೀಲರ ಹತ್ತಿರ ಖಚಿತ ಮಾಡಿಕೊಂಡು ಎಲ್ಲಕ್ಕೂ ಅದೇ ತಾರೀಖು ಇಡು. ನಾಣ್ಯ, ಚಿತ್ರಪಟ, ಹಳೆಯ ಗಡಿಯಾರಕ್ಕೆ ನೋಂದಾಯಿತ ಮೌಲ್ಯಮಾಪಕರಿಂದ ಬರವಣಿಗೆಯಲ್ಲೇ ವರದಿ ತೆಗೆದುಕೋ.

ಬೆಲೆ ಹೇಳುವವನೇ ಕೊಳ್ಳುವವನಾಗಬಾರದು. ಇದರಲ್ಲಿ ನಾನು ಪೆಟ್ಟು ತಿಂದಿದ್ದೇನೆ. ನಿಮ್ಮ ಮಾವನ ಅಂಚೆಚೀಟಿ ಸಂಗ್ರಹ ನೋಡಲು ಬಂದವನು ತಿರುವಿ ನೋಡಿ, 'ಏನೂ ಬಾಳೋದಿಲ್ಲ ಅಮ್ಮ, ನಾನೇ ತಗೊಂಡು ಹೋಗ್ತೀನಿ' ಅಂದ. ಕೊಟ್ಟುಬಿಟ್ಟೆ. ಅದರ ನಿಜವಾದ ಬೆಲೆ ಏನಿತ್ತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ನಿಮ್ಮ ಮಾವ ಮೂವತ್ತು ವರ್ಷ ಅಂಟಿಸಿದ ಪುಟಗಳವು. ನಿನಗೂ ಇದೇ ನಿಯಮ. ಎಕ್ಸಿಕ್ಯೂಟರ್ ಆದವಳು ಆಸ್ತಿಯಲ್ಲಿ ಯಾವುದನ್ನಾದರೂ ತಾನೇ ಕೊಂಡರೆ, ಅದರಲ್ಲಿ ಹಕ್ಕಿರುವ ಬೇರೆಯವರು ಆ ಮಾರಾಟವನ್ನು ರದ್ದು ಮಾಡಿಸಬಹುದು. ಕಾರು ನಿನಗೆ ಬೇಕಿದ್ದರೆ ಎಲ್ಲರನ್ನೂ ಕೂರಿಸಿ ಕೇಳಿ, ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೋ.

ಅಣ್ಣ ಕೊಂಡಾಗಿನ ಬಿಲ್ಲುಗಳನ್ನು ಜೋಪಾನ ಮಾಡು. ಮುಂದೆ ನೀವು ಮನೆಯನ್ನೋ ಚಿನ್ನವನ್ನೋ ಮಾರಿದರೆ ತೆರಿಗೆಯ ಲಾಭದ ಲೆಕ್ಕ ಅವನು ಕೊಂಡ ಬೆಲೆಯಿಂದ ಶುರುವಾಗುತ್ತದೆ, ಅವನು ಹೋದ ದಿನದ ಬೆಲೆಯಿಂದಲ್ಲ.

ಹಂಚುವ ಮೊದಲು ಕೊಡಬೇಕಾದವರಿಗೆ ಕೊಡಬೇಕು. ಅದರಲ್ಲೂ ಒಂದು ಕ್ರಮ ಇದೆ. ಮೊದಲು ಅಂತ್ಯಕ್ರಿಯೆಯ ಖರ್ಚು, ಕೊನೆಗಾಲದ ವೈದ್ಯರ ಖರ್ಚು. ಆಮೇಲೆ ಪ್ರೊಬೇಟ್‌ನ ಖರ್ಚು. ಅದಾದ ಮೇಲೆ, ಉಳಿದ ಸಾಲಗಾರರಿಗಿಂತ ಮುಂಚೆ, ಸಾವಿಗೆ ಹಿಂದಿನ ಮೂರು ತಿಂಗಳು ಅವನಿಗಾಗಿ ದುಡಿದ ಮನೆಕೆಲಸದವರ, ಕೂಲಿಯವರ ಬಾಕಿ ಸಂಬಳ. ನೂರು ವರ್ಷ ಹಳೆಯ ಕಾಯ್ದೆ ಅವರನ್ನು ನೆನಪಿಟ್ಟುಕೊಂಡಿದೆ ನೋಡು. ರಾತ್ರಿಯೆಲ್ಲ ಅಣ್ಣನನ್ನು ನೋಡಿಕೊಂಡ ಆ ಹುಡುಗನ ಸಂಬಳ ಉಳಿದಿದೆ ಅಂತ ಅತ್ತಿಗೆ ಹೇಳಿದಳು. ಅವನಾಗಿ ಕೇಳುವುದಿಲ್ಲ. ನೀನೇ ಕರೆದು ಕೊಡು, ರಸೀದಿ ತೆಗೆದುಕೋ. ಸಾಲ ತೀರದೆ ಪಾಲು ಹಂಚಿದರೆ ನಾಳೆ ಸಾಲಗಾರರು ನಿನ್ನನ್ನೇ ಕೇಳುತ್ತಾರೆ.

ಬೇಗ ಕೊಡು ಅಂತ ಅವಸರ ಮಾಡುವವರಿಗೆ ಹೆದರಬೇಡ. ಸಾವಿನಿಂದ ಒಂದು ವರ್ಷ ಕಳೆಯುವವರೆಗೆ ವಿಲ್‌ನ ಪಾಲು ಕೊಡಲೇಬೇಕು ಅಂತ ಎಕ್ಸಿಕ್ಯೂಟರ್ ಮೇಲೆ ಕಡ್ಡಾಯ ಇಲ್ಲ. ಆದರೆ ಪ್ರೊಬೇಟ್ ಕೈಗೆ ಬಂದ ಮೇಲೆ 6 ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನು, 1 ವರ್ಷದೊಳಗೆ ಲೆಕ್ಕವನ್ನು ಕೋರ್ಟಿಗೆ ಕೊಡಬೇಕು. ಗೋಡೆಯ ಮೇಲೆ ಬರೆದು ಹಾಕಿಕೋ. ಇನ್ನೊಂದು, ಪ್ರೊಬೇಟ್ ಕೋರ್ಟು ನೋಡುವುದು ವಿಲ್ ನಿಜವಾದದ್ದೇ ಅಂತ. ಈ ವಸ್ತು ಯಾರದು ಅನ್ನುವ ಜಗಳ ಅಲ್ಲಿ ಬಗೆಹರಿಯುವುದಿಲ್ಲ, ಅದಕ್ಕೆ ಬೇರೆ ದಾವೆ ಬೇಕು. ನಿಮ್ಮ ಜಗಳ ಅಲ್ಲಿಯವರೆಗೆ ಹೋಗಬಾರದು ಅಂತಲೇ ಆ ಬೇರೆ ಬೇರೆ ಹಾಳೆಗಳ ಬಗ್ಗೆ ಅಷ್ಟು ಹೇಳಿದೆ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಈಗ. ಅಣ್ಣ ವಿಲ್‌ನಲ್ಲಿ ಮನೆ, ಠೇವಣಿ, ಷೇರುಗಳನ್ನಷ್ಟೇ ಬರೆದಿದ್ದಾನೆ. ಉಳಿದದ್ದಕ್ಕೆ ಏನೂ ಹೇಳಿಲ್ಲ. ಹಾಗೆ ಬಿಟ್ಟುಹೋದ ವಸ್ತುಗಳು ವಿಲ್ ಇಲ್ಲದವರ ಆಸ್ತಿಯ ಹಾಗೇ ಹಂಚಿಹೋಗುತ್ತವೆ. ಅತ್ತಿಗೆಗೆ ಒಂದು ಪಾಲು, ನೀವು ಮೂವರಿಗೆ ಒಂದೊಂದು, ಅಜ್ಜಿಗೆ ಒಂದು. ಐದು ಸಮಪಾಲು. ಅಜ್ಜಿಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಅಂತ ನಿನ್ನ ಮಾತಿನಲ್ಲೇ ಗೊತ್ತಾಯಿತು. ಮಗ ಹೋದಾಗ ತಾಯಿಗೂ ಹಕ್ಕಿದೆ ಪುಟ್ಟಿ. ಅವಳು ಏನನ್ನೂ ಕೇಳುವುದಿಲ್ಲ, ದಿನವಿಡೀ ಕಿಟಕಿ ಹತ್ತಿರ ಕೂತಿರುತ್ತಾಳೆ. ಅವಳು ಕೇಳದಿದ್ದರೂ ನೀನು ಕೇಳಬೇಕು.

ಕನ್ನಡಕ, ಪೆನ್ನು, ಡೈರಿ, ಸ್ವೆಟರ್ ಇಂಥವಕ್ಕೆ ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲ. ಆದರೂ ಜಗಳ ಆಗುವುದು ಇಂಥವಕ್ಕೇ. ಎಲ್ಲರೂ ತಮಗೆ ಬೇಕಾದ್ದನ್ನು ಚೀಟಿಯಲ್ಲಿ ಬರೆಯಲಿ. ಒಬ್ಬರೇ ಕೇಳಿದ್ದು ಅವರಿಗೆ ಹೋಗಲಿ. ಇಬ್ಬರು ಕೇಳಿದ್ದನ್ನು ಸರದಿಯ ಮೇಲೆ ಆರಿಸಿಕೊಳ್ಳಿ. ನಿಮ್ಮ ಮೂವರಲ್ಲಿ ಯಾರು ಮೊದಲು ಅನ್ನುವುದನ್ನು ಚೀಟಿ ಎತ್ತಿ ನೋಡಿ. ಫೋಟೋಗಳಿಗೆ ಪ್ರತಿ ಮಾಡಿಸಿ. ಮೊದಲ ಸರದಿ ಅತ್ತಿಗೆಗೂ ಅಜ್ಜಿಗೂ ಬಿಟ್ಟುಕೊಡಿ. ಇದನ್ನು ಕಾನೂನು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ಶನಿವಾರ ಬರುತ್ತೇನೆ. ಅಣ್ಣನ ಕೋಣೆಯನ್ನು ಅಲ್ಲಿಯವರೆಗೆ ಮುಟ್ಟಬೇಡ, ಬೇರೆ ಕೋಣೆಗಳಿಂದ ಶುರು ಮಾಡು. ಅವನ ಕೋಣೆಯಲ್ಲಿ ನಾನು ಒಂದೊಂದೇ ವಸ್ತು ಎತ್ತಿ ಹೇಳುತ್ತೇನೆ, ನೀನು ಬರೆದುಕೋ. ನಡುವೆ ಅಳು ಬಂದರೆ ನಿಲ್ಲಿಸೋಣ.

ನಿನ್ನ ಅತ್ತೆ