ಯಾವ ಚೆನ್ನಮ್ಮ?

ಮಾನ್ಯರೇ,

ಕಿತ್ತೂರು ಉತ್ಸವದ ದಿನಗಳಲ್ಲಿ ನಮ್ಮೂರ ಶಾಲೆಯೊಂದರ ಕಾರ್ಯಕ್ರಮಕ್ಕೆ ಹೋಗಿದ್ದೆ. ವೀರಗಚ್ಚೆ ಹಾಕಿ, ಕತ್ತಿ ಹಿಡಿದು ವೇದಿಕೆಗೆ ಬಂದ ಪುಟ್ಟ ಹುಡುಗಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಗದರಿಸಿದಳು. ಅದರ ಬೆನ್ನಿಗೇ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವನ್ನೂ ಕೊಟ್ಟಳು. ಜೋರು ಚಪ್ಪಾಳೆ. ಮಗುವನ್ನು ದೂರಿ ಫಲವಿಲ್ಲ, ಮಾತು ಬರೆದುಕೊಟ್ಟ ದೊಡ್ಡವರೇ ಥ್ಯಾಕರೆಯನ್ನು ಎದುರಿಸಿದ ಕಿತ್ತೂರಿನ ಚೆನ್ನಮ್ಮ, ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿಯ ಚೆನ್ನಮ್ಮ ಎಂಬ ಇಬ್ಬರು ರಾಣಿಯರನ್ನು ಒಬ್ಬಳನ್ನಾಗಿ ಮಾಡಿಬಿಟ್ಟಿದ್ದರು.

ರಾಜಾರಾಮ ಮೊಗಲರ ಕೈಗೆ ಸಿಗದೆ ಜಿಂಜಿಯತ್ತ ಹೊರಟದ್ದು 1689ರಲ್ಲಿ. ಥ್ಯಾಕರೆ ಕಿತ್ತೂರಿನಲ್ಲಿ ಸತ್ತದ್ದು 1824ರ ಅಕ್ಟೋಬರ್ 23ರಂದು. ನಡುವೆ 135 ವರ್ಷ! ಕಿತ್ತೂರಿನ ಚೆನ್ನಮ್ಮ ಕಾಕತಿಯಲ್ಲಿ ಹುಟ್ಟುವ ಹೊತ್ತಿಗೆ ಕೆಳದಿಯ ಚೆನ್ನಮ್ಮ ತೀರಿಕೊಂಡು ಸುಮಾರು ಎಂಬತ್ತು ವರ್ಷ ಕಳೆದಿತ್ತು.

ಗೊಂದಲಕ್ಕೆ ಕಾರಣವಿಲ್ಲವೆನ್ನಲಾರೆ. ಇಬ್ಬರೂ ವಿಧವೆಯರು, ಇಬ್ಬರ ಕಥೆಯಲ್ಲೂ ದತ್ತು ಮಗನಿದ್ದಾನೆ, ಇಬ್ಬರೂ ತಮಗಿಂತ ಬಹಳ ದೊಡ್ಡ ಸೈನ್ಯವನ್ನು ಎದುರಿಸಿದರು. ಆದರೆ ಆ ದತ್ತಿನ ವಿಷಯದಲ್ಲೇ ವ್ಯತ್ಯಾಸ ಎದ್ದು ಕಾಣುತ್ತದೆ. ಸೋಮಶೇಖರ ನಾಯಕನ ನಂತರ ಬಿದನೂರಿನಿಂದ ಸುಮಾರು 25 ವರ್ಷ ಆಳಿದ ಕೆಳದಿಯ ರಾಣಿ ದತ್ತು ತೆಗೆದುಕೊಂಡ ಬಸಪ್ಪ ನಾಯಕನೇ ಮುಂದೆ ಪಟ್ಟಕ್ಕೆ ಬಂದ. ಕಿತ್ತೂರಿನ ದತ್ತನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ಜಗಳ ಹತ್ತಿದ್ದೇ ಅಲ್ಲಿ. ಔರಂಗಜೇಬನ ಸೈನ್ಯ ಏರಿ ಬಂದ ಮೇಲೂ ಕೆಳದಿಯವಳು ಸಿಂಹಾಸನದಲ್ಲೇ ಉಳಿದಳು. ಕಿತ್ತೂರಿನವಳು ಅಕ್ಟೋಬರಿನಲ್ಲಿ ಗೆದ್ದು ಡಿಸೆಂಬರಿನಲ್ಲಿ ಸೋತು, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿದಳು. (ಅಕ್ಟೋಬರಿನಲ್ಲಿ ಅವಳಿಗೆ ಸೆರೆಸಿಕ್ಕ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ಶಾಸನಗಳನ್ನು ಸಂಗ್ರಹಿಸಿದ ವಿದ್ವಾಂಸನಾದ. ಇದನ್ನು ಯಾವ ಶಾಲೆಯ ನಾಟಕದಲ್ಲೂ ನಾನು ನೋಡಿಲ್ಲ.)

ಹುಬ್ಬಳ್ಳಿಯ ವೃತ್ತ, ಬೆಳಗಾವಿಯ ವಿಶ್ವವಿದ್ಯಾಲಯ, ರೈಲು ಎಲ್ಲವೂ ಬರಿಯ 'ಚೆನ್ನಮ್ಮ' ಅಥವಾ 'ರಾಣಿ ಚೆನ್ನಮ್ಮ'. ಅದು ಕಿತ್ತೂರಿನವಳೆಂದು ಆ ಭಾಗದವರಿಗೆ ಹೇಳಬೇಕಿಲ್ಲ. ಕೆಳದಿಗೆ ಕೂಗಳತೆಯಲ್ಲಿರುವ ನಮಗೆ ಮಾತ್ರ ಪ್ರತಿ ಸಲವೂ 'ನಮ್ಮವಳೋ ಅವರವಳೋ' ಎಂದು ಕೇಳಿಕೊಳ್ಳಬೇಕಾಗುತ್ತದೆ. ಇದರಲ್ಲಿ ಊರಿನ ಅಭಿಮಾನ ಸ್ವಲ್ಪ ಇದೆ, ಒಪ್ಪುತ್ತೇನೆ.

ಒಂದೇ ಹೆಸರಿನವರನ್ನು ಬೇರ್ಪಡಿಸಿ ಹೇಳುವ ಜಾಣ್ಮೆ ಕನ್ನಡಕ್ಕೆ ಹೊಸದೇನಲ್ಲ. ಇಮ್ಮಡಿ ಪುಲಕೇಶಿ ಎಂದ ಕೂಡಲೇ ಹರ್ಷನನ್ನು ತಡೆದವನು ಯಾರೆಂದು ಗೊತ್ತಾಗುತ್ತದೆ. 1831ರಲ್ಲಿ ಬ್ರಿಟಿಷರಿಗೆ ಆಡಳಿತ ಬಿಟ್ಟುಕೊಡಬೇಕಾಗಿ ಬಂದ ಕೃಷ್ಣರಾಜ ಒಡೆಯರು ಮುಮ್ಮಡಿ, ಕನ್ನಂಬಾಡಿ ಕಟ್ಟೆಯ ಕಾಲದವರು ನಾಲ್ವಡಿ. ನಮ್ಮ ಚೆನ್ನಮ್ಮರಿಗೆ ಅಂಕಿ ಹೊಂದದು, ಮನೆತನಗಳೇ ಬೇರೆ. ಊರಿನ ಹೆಸರು ಸಾಕು.

ತಮ್ಮ ಪತ್ರಿಕೆಯ ತಲೆಬರಹಗಳಲ್ಲಿ ಜಾಗದ ಅಭಾವವಿರುವುದು ಬಲ್ಲೆ. ಉಳಿಸಲೇಬೇಕಿದ್ದರೆ 'ರಾಣಿ', 'ವೀರರಾಣಿ'ಗಳನ್ನು ತೆಗೆದುಹಾಕಿ. 'ಕಿತ್ತೂರು', 'ಕೆಳದಿ' ಎಂಬ ಪದಗಳನ್ನು ದಯವಿಟ್ಟು ಮುಟ್ಟಬೇಡಿ.

— ನಿವೃತ್ತ ಇತಿಹಾಸ ಶಿಕ್ಷಕಿ, ಸಾಗರ